ಹತ್ತು ಹದಿನೆಂಟರ ರೈಲು

ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡಿದ ಸೀತಾಲಕ್ಷ್ಮಿ ದಡ್ಡರಲ್ಲಿ ಎರಡು ಬಗೆಯವರನ್ನು ಕಂಡಿದ್ದರು. ತಮಗೆ ಗೊತ್ತಿಲ್ಲ ಎಂಬುದು ಗೊತ್ತಿದ್ದವರು ಒಂದು ಬಗೆ. ಇನ್ನೊಂದು ಬಗೆ ವಿಜಯಕುಮಾರ್.

ವಿಜಯಕುಮಾರ್ ಶಿವಮೊಗ್ಗದ ಗೋಪಾಳ ಬಡಾವಣೆಯ ಒಂದು ಸೇವಾ ಸಂಘದ ಅಧ್ಯಕ್ಷರು. ಕಳೆದ ವರ್ಷ ಅವರ ಸಂಘ ಊರಿನ ಅತಿ ಉದ್ದದ ರಂಗೋಲಿ ಹಾಕಿಸಿ, ಅದನ್ನು ಅಳೆಯುವುದನ್ನೇ ಮರೆತು ಫೋಟೋ ತೆಗೆಸಿಕೊಂಡಿತ್ತು. ಈ ವರ್ಷ ಬಯಲಿನಲ್ಲಿ ಓಡುವ ಆಟದ ರೈಲು. ಶಿವಮೊಗ್ಗದ ಹೊರವಲಯದಿಂದ ಭದ್ರಾವತಿಯ ಅಂಚಿನವರೆಗೆ, ನೀರಾವರಿ ಚಾನಲ್ಲಿನ ಏರಿಯ ಮೇಲೆ ಹನ್ನೊಂದು ಕಿಲೋಮೀಟರು. ಹಳೆಯ ದಾಖಲೆ ಹತ್ತು. ದಾಖಲೆ ಪುಸ್ತಕದವರ ನಿಯಮ ಒಂದೇ ಸಾಲಿನದು: ಎಂಜಿನ್ ಹೊರಟ ಮೇಲೆ ಕೊನೆ ಮುಟ್ಟುವವರೆಗೆ ಯಾರೂ ಅದನ್ನು ಕೈಯಲ್ಲಿ ಮುಟ್ಟಕೂಡದು. ಹೊರಟ ಹೊತ್ತು, ತಲುಪಿದ ಹೊತ್ತು ಬರೆದು ಸಹಿ ಹಾಕಲು ಸಂಘಕ್ಕೆ ಸೇರದ ಸಾಕ್ಷಿಯೊಬ್ಬರು ಬೇಕು, ಕೆಳಗೆ ಅಧ್ಯಕ್ಷರ ಸಹಿಯೂ ಬೇಕು. ಹಾಗಾಗಿ ಸೀತಾಲಕ್ಷ್ಮಿ.

ರೈಲನ್ನು ಕಟ್ಟಿದವನು ಹುಲಿಯಪ್ಪ. ಭದ್ರಾವತಿಯ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಜೀವ ಸವೆಸಿ ನಿವೃತ್ತನಾದವನು. ಹದಿನಾಲ್ಕು ತಿಂಗಳು ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕೂತು ಎರಡು ಕೆಜಿಯ ಬ್ಯಾಟರಿ ಎಂಜಿನ್ ಮಾಡಿದ್ದ. ಕಂಬಿಗೆ ವೈರಿಂಗ್‌ನವರು ಬಳಸುವ ಪ್ಲಾಸ್ಟಿಕ್ ಕೇಸಿಂಗ್ ಪಟ್ಟಿ, ಅದರಡಿಗೆ ಅಡಿಕೆ ಮರ ಸೀಳಿದ ದಬ್ಬೆ. ಬಿಸಿಲಿಗೆ ಹಿಗ್ಗುತ್ತದೆಂದು ಎರಡು ಪಟ್ಟಿಗಳ ನಡುವೆ ಉಗುರು ಹೋಗುವಷ್ಟು ಸಂದು ಬಿಟ್ಟಿದ್ದ. ಫೋಟೋದಲ್ಲಿ ಚೆಂದ ಕಾಣುವುದಿಲ್ಲವೆಂದು ಸಂಘದವರು ಒಂದು ಕಿಲೋಮೀಟರಿನಷ್ಟು ಸಂದುಗಳಿಗೆ ಎಂ-ಸೀಲ್ ಅಂಟು ಮೆತ್ತಿದ್ದರು. ಹುಲಿಯಪ್ಪ ಎರಡು ದಿನ ಮಂಡಿಯೂರಿ ಕೂತು ಬ್ಲೇಡಿನಲ್ಲಿ ಒಂದೊಂದನ್ನೇ ಕೆರೆದು ತೆಗೆದ. ಪುಸ್ತಕದಲ್ಲಿ 'ತಯಾರಿಸಿದವರು' ಎಂಬಲ್ಲಿ ತನ್ನ ಹೆಸರು ಬರಬೇಕು ಅನ್ನುವುದೊಂದೇ ಅವನ ಕರಾರು.

ಶುಕ್ರವಾರ ಬೆಳಿಗ್ಗೆ ಏರಿಯ ಮೇಲೆ ಶಾಮಿಯಾನ, ಮೈಕು, ಸಂಘದವರ ಬಿಳಿ ಅಂಗಿಗಳು. ಬ್ಯಾನರಿನಲ್ಲಿ ವಿಜಯಕುಮಾರರ ಮುಖ ಎಂಜಿನ್ನಿಗಿಂತ ನಲವತ್ತು ಪಾಲು ದೊಡ್ಡದಿತ್ತು. ಸೀತಾಲಕ್ಷ್ಮಿ ಅಂದಾಜಿನಲ್ಲೇ ಲೆಕ್ಕ ಹಾಕಿದರು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ 'ಶುಭಾರಂಭ: 10.18'.

"ಹತ್ತೂವರೆಗೆ ರಾಹುಕಾಲ ಮೇಡಂ. ಹತ್ತು ಹದಿನೆಂಟು ಬಿಟ್ರೆ ಬೇರೆ ಗಳಿಗೆ ಇಲ್ಲ. ನೀವು ಈಗ್ಲೇ ಬರ್ದಿಟ್ಬಿಡಿ, ಆಮೇಲೆ ಗಲಾಟೆ ಬೇಡ," ಎಂದರು ವಿಜಯಕುಮಾರ್.

"ಹೊರಟ ಮೇಲೆ ಬರೀತೀನಿ."

"ಹೊರಟೇ ಹೊರಡುತ್ತಲ್ಲ ಮಾರಾಯ್ರೆ."

ಇಂಥವರೊಡನೆ ವಾದಿಸುವುದು ದಂಡ ಎಂದುಕೊಂಡು ಸೀತಾಲಕ್ಷ್ಮಿ ಫಾರಂನಲ್ಲಿ 10.18 ಎಂದು ಬರೆದರು. ಮುಂದಿನ ಸಾಲುಗಳೇನಿದ್ದರೂ ಸರಿಯಾಗಿ ಬರೆದರಾಯಿತು.

ಹುಲಿಯಪ್ಪನನ್ನು ಫೋಟೋಕ್ಕೆ ಅಡ್ಡ ಬರುತ್ತಾನೆಂದು ಮುಂದೆ ಕಳಿಸಿದ್ದರು. ಅವನು ಇನ್ನೂರು ಅಡಿ ಆಚೆ ತಿರುವಿನ ಹತ್ತಿರ ಕೂತು ಕಂಬಿ ಒರೆಸುತ್ತಿದ್ದ. ಪೂಜೆ ನಡೆಯಿತು. ಕುಂಕುಮ ಹಚ್ಚಿ, ಎಂಜಿನ್ ಮುಳುಗುವಷ್ಟು ಸೇವಂತಿಗೆ ಹಾಕಿ, ಮಂಗಳಾರತಿ ಎತ್ತಿದರು. ಬಳಿಕ ವಿಜಯಕುಮಾರರ ಹೆಂಡತಿ ಉಮಾಮಹೇಶ್ವರಿ ಬುಟ್ಟಿಯಿಂದ ನಾಲ್ಕು ನಿಂಬೆಹಣ್ಣು ತೆಗೆದರು. ಹೊಸ ಕಾರಿಗೆ ಇಟ್ಟಂತೆಯೇ, ಶ್ರದ್ಧೆಯಿಂದ, ಒಂದೊಂದು ಚಕ್ರದ ಮುಂದೆ ಒಂದೊಂದು.

ಸೀತಾಲಕ್ಷ್ಮಿ ನೋಡಿದರು. ಚಕ್ರದ ವ್ಯಾಸ ಮೂರು ಸೆಂಟಿಮೀಟರು. ನಿಂಬೆಹಣ್ಣಿನದು ನಾಲ್ಕಕ್ಕೆ ಕಡಿಮೆಯಿಲ್ಲ. ಕಾರಿನ ಮುಂದೆ ಅದರ ಚಕ್ರಕ್ಕಿಂತ ದೊಡ್ಡ ನಿಂಬೆಹಣ್ಣು ಇಟ್ಟಂತೆ. ಇಷ್ಟು ಜನರಲ್ಲಿ ಒಬ್ಬರಿಗಾದರೂ ಹೊಳೆಯುತ್ತದೆಯೇ ಎಂದು ಮುಖಗಳ ಮೇಲೆ ಕಣ್ಣಾಡಿಸಿದರು. ಯಾರಿಗೂ ಹೊಳೆಯಲಿಲ್ಲ. ಅವರಿಗೆ ಒಳಗೊಳಗೇ ಒಂದು ಬಗೆಯ ಸುಖವಾಯಿತು. ಹೇಳಬಹುದಿತ್ತು. ಹೇಳಲಿಲ್ಲ. ಆಗಲಿ, ಕಲಿಯಲಿ ಎಂದುಕೊಂಡರು.

ಹತ್ತು ಹದಿನೆಂಟಕ್ಕೆ ವಿಜಯಕುಮಾರ್ ಹಸಿರು ಬಾವುಟ ಬೀಸಿ ಗುಂಡಿ ಒತ್ತಿದರು. ಎಂಜಿನ್ ನಿಂಬೆಹಣ್ಣಿಗೆ ಮೂತಿ ಒತ್ತಿ, ಹಿಂಗಾಲ ಮೇಲೆ ಎದ್ದ ಕರುವಿನಂತೆ ಎದ್ದು, ಮಗುಚಿಕೊಂಡಿತು. ವಿಜಯಕುಮಾರ್ ಬಗ್ಗಿ ಎರಡೂ ಕೈಯಲ್ಲಿ ಎತ್ತಿಕೊಂಡರು. ಮೊಬೈಲುಗಳೆಲ್ಲ ಅದನ್ನು ಹಿಡಿದಿಟ್ಟವು.

ಹುಲಿಯಪ್ಪ ಓಡಿ ಬಂದ. ಒಂದು ಅಚ್ಚು ಬಾಗಿತ್ತು. ಅವನು ಯಾರನ್ನೂ ಬೈಯಲಿಲ್ಲ. ನಿಂಬೆಹಣ್ಣುಗಳನ್ನು ಒಂದೊಂದಾಗಿ ಚಾನಲ್ಲಿಗೆ ಎಸೆದು, ಸ್ಪ್ಯಾನರ್ ತೆಗೆದು ಕೂತ.

"ಸರಿ ಮಾಡಿ ಹೊಸದಾಗಿ ಬಿಡ್ತೀನಿ. ಟೈಮೂ ಹೊಸದು ಬರ್ಕಳಿ ಮೇಡಂ. ಹಳೇದು ಲೆಕ್ಕಕ್ಕಿಲ್ಲ."

"ರಾಹುಕಾಲ್ದಲ್ಲಿ ಹೊರಟಿದ್ದು ಅಂತ ಪುಸ್ತಕಕ್ಕೆ ಹೋಗ್ಬೇಕಾ? ನಮ್ ಸಂಘದ ಹೆಸರಲ್ಲಿ? ಹೊರಟಿದ್ದು ಹತ್ತು ಹದಿನೆಂಟಕ್ಕೇ. ಬರ್ದಾಗಿದೆ."

"ಹಂಗಾದ್ರೆ ನಡುವೆ ನೀವು ಮುಟ್ಟಿದ್ದು ಲೆಕ್ಕಕ್ಕೆ ಬರುತ್ತಲ್ಲ ಸಾರ್."

"ಯಾರ್ ನೋಡ್ತಾರೆ ಮಾರಾಯ?"

ಎಂಜಿನ್ ಮತ್ತೆ ಹೊರಟಿದ್ದು ಹತ್ತು ನಲವತ್ತೊಂದಕ್ಕೆ. ಸೀತಾಲಕ್ಷ್ಮಿ ಅದನ್ನು ಫಾರಂನಲ್ಲಿ ಅಲ್ಲ, ತಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮೊದಲ ಕಿಲೋಮೀಟರಿಗೇ ಬಿಳಿ ಅಂಗಿಗಳು ಕಾರು ಹತ್ತಿ ಭದ್ರಾವತಿಯ ಊಟದ ಶಾಮಿಯಾನಕ್ಕೆ ಹೋದವು. ಏರಿಯ ಮೇಲೆ ಉಳಿದವರು ಹುಲಿಯಪ್ಪ, ಸೀತಾಲಕ್ಷ್ಮಿ, ಮತ್ತು ನಡಿಗೆಯ ವೇಗದಲ್ಲಿ ಓಡುವ ಎಂಜಿನ್. ಬಿಸಿಲು ಏರಿದಂತೆ ಸಂದುಗಳು ಕಿರಿದಾಗುತ್ತ ಬಂದು ಹನ್ನೆರಡರ ಹೊತ್ತಿಗೆ ಕೂದಲೆಳೆಯಷ್ಟಾದವು. ಆದರೆ ಮುಚ್ಚಿಕೊಳ್ಳಲಿಲ್ಲ. ಪಠ್ಯಪುಸ್ತಕ ನೋಡದೆ ಸಂದಿನ ಅಳತೆ ಹಿಡಿದದ್ದು ಹೇಗೆ ಎಂದು ಅವರು ಹುಲಿಯಪ್ಪನನ್ನು ಕೇಳಿದರು.

"ಒಂದು ಪಟ್ಟಿ ತಗಡಿನ ಮೇಲೆ ಹಾಕಿ ದಿನಾ ಮಧ್ಯಾಹ್ನ ಅಳೀತಿದ್ದೆ. ಹೋದ್ ಬೇಸಿಗೇಲಿ."

ಅವರ ವಿದ್ಯಾರ್ಥಿಗಳಲ್ಲಿ ಯಾರೂ, ಒಬ್ಬನೂ, ಅವರು ಹೇಳದೆ ಏನನ್ನೂ ಅಳೆದಿರಲಿಲ್ಲ. ಕಾಲು ನೋಯುತ್ತಿತ್ತು. ನೋಟ್‌ಬುಕ್ಕು ಕೈಯಲ್ಲಿ ಬೆವೆತಿತ್ತು.

ಒಂದು ಇಪ್ಪತ್ತಾರಕ್ಕೆ ಎಂಜಿನ್ ಕೊನೆಯ ದಬ್ಬೆಗೆ ತಾಗಿ ನಿಂತಿತು. ಹನ್ನೊಂದು ಕಿಲೋಮೀಟರು, ಒಂದು ಬೆರಳೂ ತಾಗಿರಲಿಲ್ಲ. ಹೋಳಿಗೆ ತಿನ್ನುತ್ತಿದ್ದ ಕೈಗಳು ಚಪ್ಪಾಳೆ ತಟ್ಟಿದವು.

ಸೀತಾಲಕ್ಷ್ಮಿ ಮೇಜಿನ ಮುಂದೆ ಕೂತು ಫಾರಂನ 10.18 ಅನ್ನು ಹೊಡೆದು, ಪಕ್ಕದಲ್ಲಿ ಬರೆದರು: 'ಮೊದಲ ಯತ್ನ ನಿಂಬೆಹಣ್ಣಿಗೆ ತಾಗಿ ರದ್ದು. ಹೊಸ ಆರಂಭ 10.41.' ಸಹಿ ಹಾಕಿ ವಿಜಯಕುಮಾರರ ಕಡೆ ತಳ್ಳಿದರು. "ಇದು ನಿಜ, ನಿಯಮಕ್ಕೂ ಸರಿ. ನೀವು ಸಹಿ ಹಾಕಿದ್ರೆ ದಾಖಲೆ ಆಗುತ್ತೆ."

ವಿಜಯಕುಮಾರ್ ಓದಿದರು. ಬಾಯಲ್ಲಿದ್ದುದನ್ನು ನುಂಗಿದರು. "ಕರೆಕ್ಟಾಗಿ ರಾಹುಕಾಲ. ಬ್ಯಾನರಲ್ಲಿ ಒಂದು, ಪುಸ್ತಕದಲ್ಲಿ ಒಂದು. ನಿಂಬೆಹಣ್ಣು ಅಂತ ಬೇರೆ ಬರ್ದಿದೀರಿ. ನನ್ ಹೆಂಡತಿ ಮರ್ಯಾದೆ ಏನಾಗ್ಬೇಕು ಮೇಡಂ?"

ಸೀತಾಲಕ್ಷ್ಮಿ ಬಿಡಲಿಲ್ಲ. "ಬರೀ ಇಪ್ಪತ್ತಮೂರು ನಿಮಿಷದ ವಿಷಯ."

"ಆಗಲ್ಲ. ಅಂಥ ದಾಖಲೆ ನಮಗೆ ಬೇಡ," ಎಂದು ಅವರು ಎದ್ದು ಮೈಕಿನ ಕಡೆ ಹೋದರು. ಅಲ್ಲಿ ಸಂಘ ಇತಿಹಾಸ ನಿರ್ಮಿಸಿದ್ದನ್ನು ಘೋಷಿಸಿ, ಸಂಘದ ಹನ್ನೆರಡು ಜನಕ್ಕೂ ಶಾಲು ಹೊದಿಸಿದರು. ಏರಿಯ ಅನುಮತಿ ಆ ದಿನಕ್ಕೆ ಮುಗಿಯುತ್ತಿತ್ತು. ಸಂಜೆಯೊಳಗೆ ಕಂಬಿ ಕೀಳಬೇಕಿತ್ತು.

ಹುಲಿಯಪ್ಪ ಶಾಲಿಗೆ ಹೋಗಲಿಲ್ಲ. ಎಂಜಿನ್ ಪಕ್ಕ ಕುಕ್ಕರಗಾಲಲ್ಲಿ ಕೂತು ಬ್ಯಾಟರಿಯ ವೈರು ಬಿಚ್ಚುತ್ತಿದ್ದ. ಸೀತಾಲಕ್ಷ್ಮಿ ಹೋಗಿ ತಮ್ಮ ಸಹಿಯಿದ್ದ ಫಾರಂ ಕೊಟ್ಟರು. ಅವನು ಎರಡು ಸಲ ಓದಿದ. 'ತಯಾರಿಸಿದವರು' ಎಂಬಲ್ಲಿ ತನ್ನ ಹೆಸರಿನ ಮೇಲೆ ಹೆಬ್ಬೆರಳು ಆಡಿಸಿದ.

"ಆ ಹಣ್ಣು ಇಡೋವಾಗ ನೀವು ಅಲ್ಲೇ ಇದ್ರಲ್ವ ಮೇಡಂ?"

"ಇದ್ದೆ."

"ಮಗುಚುತ್ತೆ ಅಂತ ಗೊತ್ತಾಗ್ಲಿಲ್ವ ನಿಮಗೆ?"

"ಗೊತ್ತಾಯ್ತು. ಅವರಿಗೆ ಹಾಗೇ ಆಗ್ಬೇಕು ಅಂದ್ಕೊಂಡೆ."

ಹುಲಿಯಪ್ಪ ತಲೆಯಾಡಿಸಿದ. ಫಾರಂ ಮಡಚಿ ಅಂಗಿಯ ಜೇಬಿಗೆ ಇಟ್ಟ. ಕಂಬಿ ಕೀಳಲು ಹನ್ನೊಂದು ಕಿಲೋಮೀಟರು ಹಿಂದೆ ನಡೆಯಬೇಕಿತ್ತು. ಎಂಜಿನ್ನನ್ನು ಎತ್ತಿ ಅವರ ಮುಂದೆ ಹಿಡಿದ. ಅವರ ಕೈ ಅಭ್ಯಾಸಬಲದಿಂದ ಹಿಂದಕ್ಕೆ ಸರಿಯಿತು.

"ಹಿಡ್ಕಳಿ ಮೇಡಂ," ಎಂದ. "ಈಗ ಯಾರು ಮುಟ್ಟಿದ್ರೂ ಒಂದೇ."