ಬೀಗರೂಟದ ಟರ್ಕಿ ಕಾಲುಗಳು

ನಾನೊಂದು ತಗಡಿನ ಡ್ರಮ್ಮು. ಹುಟ್ಟಿದ ಕೂಡಲೇ ನನ್ನ ಹೊಟ್ಟೆಗೆ ತುಂಬಿದ್ದು ಮಾವಿನ ಹಣ್ಣಿನ ತಿರುಳನ್ನು. ಹಾಗಾಗಿ ಬಾಲ್ಯ ಸಿಹಿಯಾಗಿಯೇ ಕಳೆಯಿತು. ಆಮೇಲೆ ಕಟ್ಟಡದ ಕೆಲಸದವರ ಕೈಗೆ ಸಿಕ್ಕಿ ನೀರು ಹೊತ್ತೆ, ಮೈತುಂಬ ಸಿಮೆಂಟು ಮೆತ್ತಿಕೊಂಡೆ, ಕೊನೆಗೆ ಗುಜರಿ ಸೇರಿದೆ. ಅಲ್ಲಿಂದ ನನ್ನನ್ನು ಮನೆಗೆ ತಂದವರು ಚನ್ನಪಟ್ಟಣದ ಮರಿಲಿಂಗಯ್ಯನವರು.

ಅವರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಕೈ ಸುಮ್ಮನಿರದ ಮನುಷ್ಯ. ಯಾರೋ ಟರ್ಕಿ ಕೋಳಿಯ ಕಾಲನ್ನು ಹೊಗೆಯಲ್ಲಿ ಬೇಯಿಸುವುದನ್ನು ಫೋನಿನಲ್ಲಿ ನೋಡಿದ್ದೇ ತಡ, ನನ್ನನ್ನು ಸುಟ್ಟು ತೊಳೆದು, ಕೆಳಗೆ ಸೌದೆಗೊಂದು ಬಾಗಿಲು ಕೊರೆದು, ನಡುವೆ ಜಾಲರಿ ಕೂರಿಸಿ, ಮೇಲೊಂದು ಮುಚ್ಚಳ ಹೊಂದಿಸಿದರು. ಅಲ್ಲಿಗೆ ಅವರ ಉತ್ಸಾಹ ಮುಗಿಯಿತು. ಆಮೇಲೆ ನನ್ನ ಜೊತೆ ಏಗಿದ್ದೆಲ್ಲ ಅವರ ಹೆಂಡತಿ ದೇವೀರಮ್ಮ.

ಹಿತ್ತಲಲ್ಲಿ ಟರ್ಕಿ ಸಾಕಿದ್ದೂ ಆಕೆಯೇ. ಮೊದಲ ಸಲ ಹಸಿ ಸೌದೆ ಇಟ್ಟು ಮಾಂಸವೆಲ್ಲ ಕಹಿಯಾಯಿತು. ಎರಡನೆಯ ಸಲ ಉರಿ ಹೆಚ್ಚಾಗಿ ಇದ್ದಿಲಾಯಿತು. ಆಕೆ ಬಿಡಲಿಲ್ಲ. ಹಿಂದಿನ ದಿನವೇ ಕಾಲುಗಳನ್ನು ಉಪ್ಪುನೀರಿನಲ್ಲಿ ನೆನೆಹಾಕಿ, ಒಣಗಿದ ಸೀಬೆ ಸೌದೆಯನ್ನು ಉರಿಯಗೊಡದೆ ಹೊಗೆಯಾಡಿಸಿ, ಮೂಳೆಯಿಂದ ಮಾಂಸ ತಾನಾಗಿ ಬಿಡುವಂತೆ ಬೇಯಿಸುವುದನ್ನು ಕಲಿತರು. ನನಗೂ ಆಕೆಯ ಕೈ ಒಗ್ಗಿತು.

ಮಗಳು ಯಶೋದಳ ಮದುವೆಯಾಯಿತು. ಅದರ ಹಿಂದೆಯೇ ಬೀಗರೂಟ. ಗಂಡಿನ ಕಡೆಯವರನ್ನು ಕೂರಿಸಿ ಬಾಡೂಟ ಹಾಕುವ ಈ ದಿನ ಏನಾದರೂ ಕೊರತೆಯಾದರೆ ಮಗಳು ಅತ್ತೆ ಮನೆಯಲ್ಲಿ ವರ್ಷಗಟ್ಟಲೆ ಮಾತು ಕೇಳಬೇಕು. ಮುದ್ದೆ, ಮಟನ್ ಸಾರಿನ ಜೊತೆಗೆ ಟರ್ಕಿ ಕಾಲೂ ಇರಲೆಂದು ಮರಿಲಿಂಗಯ್ಯನವರು ಹೇಳಿ ಹೊರಟುಹೋದರು. ದೇವೀರಮ್ಮ ಬೆಳಗಿನಿಂದ ನನ್ನ ಮುಂದೆ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತ ಕೂತರು.

ಮೊದಲ ತುಂಡು ಬೀಗರ ಎಲೆಗೆ ಬೀಳಬೇಕು. ಯಶೋದಳ ಮಾವ ತಮ್ಮಣ್ಣೇಗೌಡರು ಕಾಲನ್ನು ಮುರಿದರು. ಒಳಗೆಲ್ಲ ಗುಲಾಬಿ ಬಣ್ಣ. ಹೊಗೆಯಲ್ಲಿ ನಿಧಾನವಾಗಿ ಬೆಂದ ಮಾಂಸ ಎಷ್ಟು ಬೆಂದರೂ ಹಾಗೆಯೇ ಇರುತ್ತದೆ. ಆದರೆ ಸಾರಿನಲ್ಲಿ ಕುದಿದ ಬಾಡನ್ನಷ್ಟೇ ಕಂಡವರಿಗೆ ಅದು ಗೊತ್ತಾಗುವುದು ಹೇಗೆ?

"ಬೀಗ್ರೇ, ಇದು ಹಸೀ ಐತಲ್ಲ" ಎಂದು ಗೌಡರು ಅದನ್ನು ಎಲೆಯ ತುದಿಗೆ ತಳ್ಳಿದರು. ಪಂಕ್ತಿಯ ಕೈಗಳೆಲ್ಲ ನಿಂತವು.

ಮರಿಲಿಂಗಯ್ಯನವರು ಒಂದು ಚೂರು ಬಾಯಿಗೆ ಹಾಕಿಕೊಂಡು ನೋಡಬಹುದಿತ್ತು. ನೋಡಲಿಲ್ಲ. "ಇನ್ನೊಂದ್ ಗಂಟೆ ಬಿಡು ಅಂತ ಬಡ್ಕೊಂಡೆ. ಇವ್ಳು ಕೇಳ್ಬೇಕಲ್ಲ" ಎಂದುಬಿಟ್ಟರು.

ಬೆಳಗಿನಿಂದ ಅವರು ನನ್ನ ಹತ್ತಿರ ಸುಳಿದೂ ಇರಲಿಲ್ಲ. ಯಶೋದ ತಲೆ ತಗ್ಗಿಸಿದಳು. ದೇವೀರಮ್ಮ ಎಲೆಗಳಿಂದ ಕಾಲುಗಳನ್ನು ಬೋಗುಣಿಗೆ ಎತ್ತಿಕೊಂಡು ಹಿತ್ತಲಿಗೆ ಬಂದರು. ನೆಲ ಬಿರಿದು ನುಂಗಬಾರದೇ ಎನ್ನಿಸಿತು ನನಗೆ. ಬೇಯಿಸಿದವನು ನಾನು, ಬೈಸಿಕೊಂಡವರು ಅವರು.

ನೆಂಟರು ಹೋದ ಮೇಲೆ ಆಕೆ ಗಂಡನನ್ನು ಕರೆದು ಒಂದು ತುಂಡು ಕೈಗಿಟ್ಟರು. ಅವರು ಅಗಿದರು. ಬೆಣ್ಣೆಯ ಹಾಗೆ ಬೆಂದಿತ್ತು. ಅವರ ಮುಖ ಸಣ್ಣದಾಯಿತು. ನಾಳೆಯೇ ಹೋಗಿ ಗೌಡರಿಗೆ ಹೇಳುತ್ತೇನೆಂದರು. ಹೋಗಲಿಲ್ಲ. ಗಂಡಸು ಕಟ್ಟಿಕೊಂಡ ಹೆಂಡತಿಯ ಮೇಲೆ ಸುಳ್ಳು ಹೇರಿದ್ದನ್ನು ಬೀಗರ ಮುಂದೆ ಒಪ್ಪಿಕೊಳ್ಳುವುದು ಹೇಗೆ? ಅತ್ತ ಯಶೋದಳನ್ನು ಹಸಿ ಬಾಡು ಬಡಿಸುವವರ ಮಗಳೆಂದು ಅಣಕಿಸುತ್ತಿದ್ದರು. ಹಬ್ಬಕ್ಕೆ ಬಂದಾಗ ಅವಳು, ಬುತ್ತಿ ಗಿತ್ತಿ ಏನೂ ಕಟ್ಟಬೇಡವೆಂದು ಅಮ್ಮನಿಗೆ ಮೆಲ್ಲಗೆ ಹೇಳಿದಳು. ಮರಿಲಿಂಗಯ್ಯನವರು ಕೇಳಿಸಿಕೊಂಡೂ ಕೇಳದವರಂತೆ ಎದ್ದು ಹೋದರು. ದೇವೀರಮ್ಮ ಮತ್ತೆ ನನ್ನನ್ನು ಮುಟ್ಟಲಿಲ್ಲ.

ಮೊಮ್ಮಗಳ ನಾಮಕರಣಕ್ಕೆ ಅಡಿಗೆಯವರನ್ನು ಕರೆಸಿದರು. ಉಂಡು ಹಿತ್ತಲಲ್ಲಿ ಕೈ ತೊಳೆಯುತ್ತ ಗೌಡರು, ಈ ಸಲ ಚೆನ್ನಾಗಿ ಬೆಂದಿದೆ ಎಂದು ನಕ್ಕರು. ಮರಿಲಿಂಗಯ್ಯನವರೂ ಜೊತೆಗೆ ನಕ್ಕರು. ನಕ್ಕ ಮೇಲೆ ಹೆಂಡತಿ ಬಾಗಿಲಲ್ಲಿ ನಿಂತಿರುವುದು ಕಂಡಿತು.

ಗೌಡರು ಒಳಗೆ ಹೋಗುವವರೆಗೆ ಕಾದು, ತಗ್ಗಿದ ದನಿಯಲ್ಲಿ ಕೇಳಿದರು: "ದೇವೀರಿ, ಈಗಲೇ ಹೋಗಿ ಅವ್ರಿಗೆ ನಿಜ ಹೇಳ್ಬಿಡ್ಲಾ?"

"ಅವ್ರಿಗೆ ಆಮೇಲೆ ಹೇಳೀರಂತೆ" ಎಂದರು ದೇವೀರಮ್ಮ. "ತಪ್ಪಾಯ್ತು ಅಂತ ನನಗೇ ಇನ್ನೂ ಹೇಳಿಲ್ಲ ನೀವು."

ಈಗ ನನ್ನ ತಳ ತುಕ್ಕು ತಿಂದಿದೆ. ಗುಜರಿಯವನು ಕೇಳಿದಾಗಲೆಲ್ಲ ಮರಿಲಿಂಗಯ್ಯನವರು ಬೇಡವೆನ್ನುತ್ತಾರೆ. ಸಂಜೆ ಹೊತ್ತು ಒಬ್ಬರೇ ಬಂದು ನನ್ನ ಪಕ್ಕ ನಿಂತು, ಆ ಒಂದು ಮಾತನ್ನು ಬಾಯೊಳಗೇ ಹೇಳಿ ನೋಡುತ್ತಾರೆ. ಅಡಿಗೆಮನೆ ಹತ್ತು ಹೆಜ್ಜೆ ದೂರವೂ ಇಲ್ಲ. ಆದರೂ ಅದು ನನ್ನೊಬ್ಬನಿಗೇ ಕೇಳಿಸುತ್ತದೆ.