ಕೆಸರು ಬಣ್ಣದ ಚಿತ್ರ

ನಡುರಾತ್ರಿ ಕ್ಯಾನ್‌ಬೆರಾದ ಸ್ಟುಡಿಯೋದಲ್ಲಿ ಕಂಪ್ಯೂಟರ್ ಮೆಲ್ಲಗೆ ಟಿಣ್ ಎಂದಿತು. ಕಲಾವಿದೆ ಬ್ರಿಯೋನಿ ಪರದೆಯತ್ತ ಬಾಗಿ ನೋಡಿದಳು. ಅವಳ ಚಿತ್ರಗಳಿಗೆ ಯಾವ ಸೂತ್ರಕ್ಕೂ ಸಿಗದ ಅಂಕಿಗಳನ್ನು ಕಳಿಸುತ್ತಿದ್ದ ಪ್ರಯೋಗಾಲಯದ ಕ್ವಾಂಟಮ್ ಯಂತ್ರದ ಸಂಪರ್ಕ ಯಾವಾಗಲೋ ಕಡಿದುಹೋಗಿತ್ತು. ಪರದೆಯ ಮೇಲಿನ ಚೆಲುವಾದ ಚಿತ್ರಕ್ಕೆ ಕಂಪ್ಯೂಟರೇ ತನ್ನ ಸೂತ್ರದಿಂದ ಅಂಕಿಗಳನ್ನು ಹುಟ್ಟಿಸಿಕೊಟ್ಟಿತ್ತು.

"ಸುಮ್ನೆ ಪ್ರಿಂಟ್ ಹಾಕು ಮಾರಾಯ್ತಿ, ಬೆಳಿಗ್ಗೆ ಪ್ರದರ್ಶನ. ಯಾರಿಗ್ ಗೊತ್ತಾಗತ್ತೆ?" ಎಂದ ಗ್ಯಾಲರಿಯ ಡೇರಿಲ್.

"ನಂಗ್ ಗೊತ್ತಲ್ಲ! ಯಾರೂ ಊಹಿಸೋಕಾಗದ ಅಂಕಿಗಳ ಚಿತ್ರ ಅಂತ ಗ್ಯಾಲರಿ ಗೋಡೆ ಮೇಲೆ ಬರ್ದಿದೀನಿ."

ಅವಳು ಪರದೆಯ ಚಿತ್ರವನ್ನು ಅಳಿಸಿದಳು. ಸಂಪರ್ಕ ಮರಳಿದಾಗ ಮೂಡಿದ್ದು ಕೆಸರು ಬಣ್ಣದ ಚಿತ್ರ.

"ಜನ ನಗ್ತಾರೆ ಕಣೇ! ಇನ್ನೊಂದ್ಸಲ ಬಟನ್ ಒತ್ತು, ಬೇರೆ ಚಿತ್ರ ಬರ್ಲಿ."

"ನಗ್ಲಿ ಬಿಡೋ. ಇನ್ನೊಂದ್ಸಲ ಒತ್ತಿದ್ರೆ ಚಿತ್ರ ಆರಿಸಿದ್ದು ಯಂತ್ರ ಅಲ್ಲ, ನಾನಾಗ್ತೀನಿ."

ಬ್ರಿಯೋನಿ ಅದನ್ನೇ ಪ್ರಿಂಟ್ ಹಾಕಿ ಗ್ಯಾಲರಿಯ ಗೋಡೆಗೆ ತೂಗುಹಾಕಿದಳು. ನಾಳೆ ಯಾರು ಎಷ್ಟೇ ಹಂಗಿಸಲಿ, ಮೊದಲ ಚಿತ್ರ ಎಷ್ಟು ಚೆಂದವಿತ್ತೆಂದು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿದಳು.