ಇದು ಯಾವ ಬಣ್ಣ, ಮಂಗಳಾ

ಕೆಂಪು, ಕಾಗದ ಬಿಚ್ಚಿದ ಕೂಡಲೇ ಕೆಂಪು, ಹಣ್ಣು ಮೆಣಸಿನಕಾಯಿಯ ಕೆಂಪು, ಸೀಮಂತಕ್ಕೆ ಹಸಿರು ಗಾಜಿನ ಬಳೆ ತೊಡಿಸುವುದನ್ನು ನೋಡಲು ಚಾಮರಾಜಪೇಟೆಯ ಅರ್ಧ ಬೀದಿಯ ಹೆಂಗಸರು ಬಂದು ಕೂತಿದ್ದಾರೆ, ನಾನು ಹಸಿರು ಸೀರೆ ಉಟ್ಟು ಮಣೆಯ ಮೇಲಿದ್ದೇನೆ, ಎದುರಿಗೆ ಅಪ್ಪಾಜಿ ಕಟ್ಟಿನಿಂದ ಒಂದು ಬಳೆ ತೆಗೆದು ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದ್ದಾರೆ — ಬಿರುಕಿದೆಯೇ ಅಂತ ನೋಡುವುದು, ಬಳೇಪೇಟೆಯ ಪಂಚಾಕ್ಷರಯ್ಯ ಬಿರುಕಿನ ಬಳೆಯನ್ನು ಯಾರ ಕೈಗೂ ಏರಿಸಿದವರಲ್ಲ — ಮುಖದಲ್ಲಿ ಎಂಥ ಹೆಮ್ಮೆ, ಮಗಳಿಗೆ ತವರಿನ ಹಸಿರು ತಂದಿದ್ದೇನೆ ಎಂಬ ಹೆಮ್ಮೆ, ಅಯ್ಯೋ ಶಿವನೇ, ಇವರಿಗೆ ಗೊತ್ತೇ ಆಗಿಲ್ಲ. ಹಿಂದಿನಿಂದ ಯಾರೋ ಕೆಂಪಲ್ವಾ ಅದು ಅಂದರು, ಬಳೆ ಅಂಗಡಿಯವ್ರಿಗೇ ಹಸಿರು ಬಳೆಗೆ ಬರವಾ ಅಂತ ಇನ್ನೊಬ್ಬರು, ದೀಪದ ಬುಡದಲ್ಲಿ ಕತ್ತಲೆ ಅನ್ನೋದು ಇದಕ್ಕೇ, ಸಣ್ಣಗೆ ನಗು, ಹೊಟ್ಟೆಯೊಳಗಿಂದ ಒಂದು ಒದೆ, ಸುಮ್ಮನಿರು ಮರಿ, ನಿನ್ನ ವಿಷಯವೂ ಇದರಲ್ಲಿದೆ.

ಹಳೇ ಕಪಾಟಿನಿಂದ ತಂದಿದ್ದರೆ ತಪ್ಪುತ್ತಿರಲಿಲ್ಲ, ಅಲ್ಲಿ ಎಡಗಡೆ ಹಸಿರು, ಬಲಗಡೆ ಕೆಂಪು, ನಾನೇ ಜೋಡಿಸಿಟ್ಟು ಬಂದದ್ದು, ಕಣ್ಣು ಮುಚ್ಚಿಯೂ ತೆಗೆಯುತ್ತಾರೆ — ಮಗಳಿಗೆ ಹಳೇ ಮಾಲು ಯಾಕೆ ಅಂತ ಫಿರೋಜಾಬಾದಿನಿಂದ ಕೆಂಪು ಹಸಿರು ಬೆರೆತು ಬರುವ ಹೊಸ ಪೆಟ್ಟಿಗೆ ಒಡೆದಿರಬೇಕು, ಪ್ರೀತಿ ಹೆಚ್ಚಾಗಿ ಆದ ಎಡವಟ್ಟು. ಅಮ್ಮ ನನಗೆ ನೆನಪೇ ಇಲ್ಲ, ಅಂಗಡಿಯ ಮೂಲೆಯೇ ನನ್ನ ತೊಟ್ಟಿಲು, ಹೊಸ ಪೆಟ್ಟಿಗೆ ಬಂದಾಗಲೆಲ್ಲ ಅಪ್ಪಾಜಿ ಹೀಗೇ ಒಂದು ಬಳೆ ಬೆಳಕಿಗೆ ಎತ್ತುತ್ತಿದ್ದರು, ಮಂಗಳಾ, ಇದು ಯಾವ ಬಣ್ಣ ಹೇಳು ನೋಡೋಣ, ಕೆಂಪು ಅಪ್ಪಾಜಿ, ಜಾಣೆ, ಇದು, ಹಸಿರು ಅಪ್ಪಾಜಿ, ಜಾಣೆ ನನ್ನ ತಾಯಿ, ಮತ್ತೆ ಒಂದನ್ನು ಬಲಕ್ಕೆ ಒಂದನ್ನು ಎಡಕ್ಕೆ ಇಡುತ್ತಿದ್ದರು, ಇಡೀ ಪೇಟೆಯಲ್ಲಿ ನನ್ನಷ್ಟು ಜಾಣೆ ಇಲ್ಲ ಅಂತ ನಾನು ಬೀಗುತ್ತಿದ್ದೆ, ಬಿ.ಎಸ್ಸಿ.ಗೆ ಬಂದ ಮೇಲೂ ಆ ಆಟ ನಿಂತಿರಲಿಲ್ಲ — ಇಷ್ಟು ದೊಡ್ಡವಳಾದ ಮೇಲೂ ಯಾಕೆ ಕೇಳುತ್ತಾರೆ ಅಂತ ಅನಿಸಬೇಡವೇ, ಅನಿಸಲಿಲ್ಲ, ಚೂಡಾಮಣಿ ಮಿಸ್ ಕಪ್ಪು ಹಲಗೆಯ ಮೇಲೆ ಆ ವಂಶದ ಚಿತ್ರ ಬರೆಯುವವರೆಗೂ.

ಗಂಡಿಗೆ ಚೌಕ, ಹೆಣ್ಣಿಗೆ ಸೊನ್ನೆ, ಅಜ್ಜನ ಚೌಕಕ್ಕೆ ಸೀಮೆಸುಣ್ಣ ತುಂಬಿಸಿದರು, ಇವನಿಗೆ ಕೆಂಪು ಹಸಿರಿನ ಭೇದ ಕಾಣದು, ನಮ್ಮ ಒಂದೊಂದು ಜೀವಕೋಶದಲ್ಲೂ ಕ್ರೋಮೋಸೋಮಿನ ಜೊತೆಗಳಿವೆ, ಹೆಣ್ಣಿಗೆ ಎರಡು ಎಕ್ಸ್, ಗಂಡಿಗೆ ಒಂದು ಎಕ್ಸ್ ಒಂದು ವೈ, ಬಣ್ಣ ಕಾಣಿಸುವ ಜೀನ್ ಇರುವುದು ಎಕ್ಸ್ ಮೇಲೆ, ಅಪ್ಪನ ಎಕ್ಸ್ ಮಗಳಿಗೆ ಬಂದೇ ಬರುತ್ತದೆ, ತಾಯಿಯಿಂದ ಬಂದ ಇನ್ನೊಂದು ಎಕ್ಸ್ ಸರಿಯಿದ್ದರೆ ಸಾಕು, ಅವಳಿಗೆ ಬಣ್ಣ ಕಾಣುತ್ತದೆ, ಆದರೆ ಅಪ್ಪನದನ್ನು ಅವಳು ಹೊತ್ತಿರುತ್ತಾಳೆ, ಅವಳಿಗೆ ಗಂಡು ಹುಟ್ಟಿದರೆ ಬರಲೂಬಹುದು ಬರದೆಯೂ ಇರಬಹುದು, ಸಮ ಸಮ — ಜೀನ್ ಅಂದರೆ ಏನು ಅಂತ ಯಾರೋ ಕೇಳಿದಾಗ ಮಿಸ್ ಕಣ್ಣು ಹೊಳೆಯಿತು, ಡಿ.ಎನ್.ಎ. ಅಂತ ಒಂದು ಪದಾರ್ಥ, ತಿರುಚಿದ ಏಣಿಯ ಹಾಗಿದೆಯಂತೆ, ಈಚೆಗೆ ಇಂಗ್ಲೆಂಡಿನಲ್ಲಿ ಕಂಡುಹಿಡಿದರು, ನಾಲ್ಕೇ ನಾಲ್ಕು ಬಗೆಯ ಅಕ್ಷರ, ಅವು ಕೂತ ಸಾಲಿನಲ್ಲೇ ಸಮಾಚಾರವೆಲ್ಲ ಇರಬೇಕು, ಅದನ್ನು ಓದುವುದು ಇನ್ನೂ ಯಾರಿಗೂ ಬಂದಿಲ್ಲ, ನಿಮ್ಮ ಮಕ್ಕಳ ಕಾಲಕ್ಕೆ ಬರುತ್ತೆ ನೋಡ್ತಿರಿ. ನಾನು ಏಣಿಯನ್ನು ಕೇಳಿಸಿಕೊಳ್ಳಲಿಲ್ಲ, ಸೀಮೆಸುಣ್ಣದ ಚೌಕವನ್ನೇ ನೋಡುತ್ತಿದ್ದೆ, ಅಪ್ಪಾಜಿ ಗಿರಾಕಿಗಳಿಗೆ ನೀವೇ ಆರಿಸ್ಕೊಳ್ಳಿ ತಾಯಿ ಅನ್ನುವುದು, ಮೆಣಸಿನಕಾಯಿ ತರಲು ನನ್ನನ್ನೇ ಕಳಿಸುವುದು, ಜಾಣೆ, ಜಾಣೆ ನನ್ನ ತಾಯಿ — ಅದು ಆಟವೇ ಆಗಿರಲಿಲ್ಲ. ಅವತ್ತು ಮನೆಗೆ ಬಂದು ಏನೂ ಕೇಳಲಿಲ್ಲ, ಬಣ್ಣ ಹೇಳುತ್ತಾ ಹೋದೆ, ಮದುವೆಯ ಹಿಂದಿನ ದಿನದವರೆಗೂ.

ಬೀಗರೇ, ಹಸಿರು ತರಲಿಲ್ವಾ. ಅತ್ತೆಯ ದನಿ, ಗುರುಬಸಮ್ಮನವರು ಜೋರು ಮಾಡುವವರಲ್ಲ, ಹಾಗಾಗಿಯೇ ಎಲ್ಲರಿಗೂ ಕೇಳಿಸಿತು, ಅಪ್ಪಾಜಿಯ ಕೈ ನಿಂತಿತು, ಬಳೆ ಬೆಳಕಿನಲ್ಲೇ ಉಳಿಯಿತು, ಕಣ್ಣು ನನ್ನ ಕಡೆ ತಿರುಗಿತು, ಈಗ ಗೊತ್ತಾಗಿದೆ ಅವರಿಗೆ, ಎಲ್ಲ ಗೊತ್ತಾಗಿದೆ. ನಾನೇ ಕೆಂಪು ತನ್ನಿ ಅಂದಿದ್ದೆ ಅತ್ತೆ ಅಂತ ಒಂದು ಸುಳ್ಳು ಹೇಳಿಬಿಟ್ಟರೆ ಮುಗಿಯಿತು, ನಾಲಿಗೆಯ ತುದಿಗೆ ಬಂದಿದೆ, ನಿಜ ಹೇಳಿದರೆ — ಇದು ರೇಷ್ಮೆ ಸೀರೆ ವ್ಯಾಪಾರದ ಮನೆ, ಸೆರಗಿಗೂ ಒಡಲಿಗೂ ಬಣ್ಣ ಹೊಂದಿಸಿ ಹೆಸರು ಮಾಡಿದ ಮನೆ, ಮೊಮ್ಮಗ ಚಿಕ್ಕಪೇಟೆ ಅಂಗಡಿಯ ಗಾದಿಯ ಮೇಲೆ ಕೂರ್ತಾನೆ ಅಂತ ಅತ್ತೆ ಮೂರನೇ ತಿಂಗಳಿಂದಲೂ ಸಾರುತ್ತಿದ್ದಾರೆ, ಅಂಥ ಮಗುವಿನಲ್ಲಿ ಕೊರತೆ ಇರಬಹುದು, ಅದು ಬಂದದ್ದು ನನ್ನ ಕಡೆಯಿಂದ ಅಂತ ಗೊತ್ತಾದರೆ ನನ್ನನ್ನು ಹೇಗೆ ನೋಡುತ್ತಾರೆ, ಭಯ, ಹೌದು, ಭಯವೇ — ಆದರೆ ಈಗ ಮುಚ್ಚಿಟ್ಟರೆ ಆ ಹುಡುಗ ಹಸಿರು ಕೇಳಿದವರಿಗೆ ಕೆಂಪು ಸೀರೆ ಹಾಸುತ್ತಾನೆ, ದಡ್ಡ ಅನ್ನಿಸಿಕೊಳ್ಳುತ್ತಾನೆ, ಏಟು ತಿನ್ನುತ್ತಾನೆ, ಕಡೆಗೆ ಅವನೂ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆಟ ಕಟ್ಟುತ್ತಾನೆ, ಬೇಡ, ಅದು ಬೇಡ. ಅಪ್ಪಾಜಿಗೆ ಕೆಂಪು ಹಸಿರು ಗೊತ್ತಾಗಲ್ಲ ಅತ್ತೆ, ಹುಟ್ಟಿದಾಗಿನಿಂದ ಹಾಗೇ, ನನಗೆ ಗಂಡು ಹುಟ್ಟಿದರೆ ಅವನಿಗೂ ಹಾಗಾಗಬಹುದು, ಕಾಲೇಜಲ್ಲಿ ಓದಿದೀನಿ. ಇದು ನನ್ನದೇ ದನಿಯೇ, ಎಷ್ಟು ನೆಟ್ಟಗೆ ಬಂತು.

ಆರತಿ ತಟ್ಟೆ ಹಿಡಿದವರು ಹಿಡಿದೇ ನಿಂತಿದ್ದಾರೆ, ಅತ್ತೆ ಬಳೆಯನ್ನು ನೋಡಿದರು, ಅಪ್ಪಾಜಿಯನ್ನು ನೋಡಿದರು, ಮತ್ತೆ ಇಷ್ಟು ವರ್ಷ ವ್ಯಾಪಾರ ಹೇಗೆ ಮಾಡಿದ್ರಿ ಅಂದರು, ಅಪ್ಪಾಜಿ ತಲೆ ತಗ್ಗಿಸಿಯೇ ಅಂದರು, ಇವಳಿದ್ದಳಲ್ಲ ತಾಯಿ. ನನ್ನ ಕಣ್ಣು ತುಂಬಿಬಿಟ್ಟಿತು, ನಾಚಿಕೆಯಿಲ್ಲದೆ ಅಳುತ್ತಿದ್ದೇನೆ, ಮಸುಕಿನಲ್ಲಿ ಅತ್ತೆ ಚಾಪೆಯ ಮೇಲೆ ಕೂತು ಕಟ್ಟನ್ನು ಮಡಿಲಿಗೆ ಎಳೆದುಕೊಂಡರು, ಕೆಂಪಿನ ನಡುವೆ ಕೈಯಾಡಿಸಿ ಹಸಿರನ್ನು ಒಂದೊಂದೇ ಆರಿಸುತ್ತಿದ್ದಾರೆ, ಇವೆಯಲ್ಲ, ಬೇಕಾದಷ್ಟಿವೆ, ಮೊಮ್ಮಗ ಗಲ್ಲಾದಲ್ಲಿ ಕೂತ್ಕೊಳ್ಲಿ, ಬಣ್ಣ ನೋಡೋಕೆ ನೀನು ಬಂದು ಕೂತ್ಕೋ, ಓದಿದ್ದು ಸುಮ್ನೆ ಯಾಕೆ ಹಾಳಾಗ್ಬೇಕು, ತಗೊಳ್ಳಿ ಬೀಗರೇ, ಇದು ಹಸಿರು, ಏರಿಸಿ. ಅಪ್ಪಾಜಿ ತೆಗೆದುಕೊಂಡರು, ಏರಿಸಲಿಲ್ಲ, ಹೆಂಗಸರೆಲ್ಲ ನೋಡುತ್ತಿದ್ದಾರೆ, ಅವರ ಎದುರಿಗೇ, ಮೊದಲ ಸಲ ಯಾರಿಗೂ ಮುಚ್ಚಿಡದೆ, ಎರಡು ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು, ಹೊಟ್ಟೆಯೊಳಗೆ ಮತ್ತೊಂದು ಒದೆ, ನಿನಗೂ ಹೇಳುತ್ತೇನೆ ಮರಿ, ಎಷ್ಟು ಸಲ ಕೇಳಿದರೂ ಹೇಳುತ್ತೇನೆ, ಬಳೆ, ಬೆಳಕು, ಅಪ್ಪಾಜಿಯ ಎರಡು ಬೆರಳು, ಮಂಗಳಾ, ಇದು ಯಾವ ಬಣ್ಣ ಹೇಳು ನೋಡೋಣ —